ಹಳೇ ಜಪಾನಿ ಎಂಜಿನ್ನಿಗೆ ನಮ್ಮೂರ ಮಿಸ್ತ್ರಿಯೇ ಡಾಕ್ಟರು!

ಓಟ ಹೆಚ್ಚಿಸುವ ಮುಂಚೆ ಬ್ರೇಕು ನೋಡ್ರಿ, ಸೈಲೆನ್ಸರ್ ಕೊಯ್ಯುವ ಮುಂಚೆ ಕಾಯ್ದೆ ನೋಡ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಊರಾಗ ಯಾವ ಗ್ಯಾರೇಜಿಗಾದರೂ ಹೋಗಿ ನೋಡ್ರಿ. ರಸ್ತೆಗೆ ಮುಖ ಮಾಡಿ ಹೊಸ ಗಾಡಿಗಳು ನಿಂತಿರುತ್ತವೆ. ಅವುಗಳ ಹಿಂದೆ ಬೇವಿನ ಗಿಡದ ನೆರಳಿಗೆ ಬಾನೆಟ್ ತೆರೆದುಕೊಂಡು ಒಂದು ಹಳೇ ಮಾರುತಿ ನಿಂತಿರುತ್ತದೆ. ಅದರ ಸುತ್ತ ನಾಲ್ಕು ಮಂದಿ ಹುಡುಗರು. ಒಬ್ಬನಿಗೆ ಸೌಂಡು ಬೇಕು, ಒಬ್ಬನಿಗೆ ಅಗಲ ಟಾಯರು ಬೇಕು, ಇನ್ನೊಬ್ಬನಿಗೆ ಪಿಕಪ್ ಬೇಕು. ಗಾಡಿಯ ಮಾಲೀಕನಾದ ಅಪ್ಪನಿಗೆ ಮಾತ್ರ ಅದು ಬೆಳಿಗ್ಗೆ ಚಾಲೂ ಆದರೆ ಸಾಕು!

ಅಪ್ಪ-ಮಗನ ಈ ಜಗಳದಲ್ಲಿ ನ್ಯಾಯ ಯಾರ ಕಡೆಗಿದೆ? ಇವತ್ತು ಅದನ್ನೇ ವಿಚಾರ ಮಾಡೋಣ.

ಜಪಾನು ಎಲ್ಲಿ, ಬಾಗೇವಾಡಿ ಎಲ್ಲಿ?

ಜಪಾನಿ ಕಾರು ನಮ್ಮ ಜಿಲ್ಲೆಗೆ ಎಲ್ಲಿಂದ ಬಂತಪ್ಪಾ ಎಂದು ಕೇಳುವವರಿದ್ದಾರೆ. ಸಿನಿಮಾದಲ್ಲಿ ಹಾರಾಡುವ ಸ್ಕೈಲೈನ್, ಸುಪ್ರಾಗಳು ನಮ್ಮ ಎರಿ ಹೊಲದ ರಸ್ತೆಯ ಮಾತಲ್ಲ, ಖರೆ. ಆದರೆ ಮನೆ ಮುಂದೆ ನಿಂತ ಮಾರುತಿಯ ಎಂಜಿನ್ ಯಾರದು? ಜಪಾನಿನ ಸುಜುಕಿ ಕಂಪನಿಯದು! 1982ರಲ್ಲಿ ಮಾರುತಿ ಉದ್ಯೋಗ ಮತ್ತು ಸುಜುಕಿ ನಡುವೆ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಕೈಯಾರೆ ಕೊಟ್ಟರು. ಮೂರು ಸಿಲಿಂಡರು, 796 ಸಿಸಿ. ಅಂಬಾಸಿಡರ್, ಫಿಯಟ್ ನೋಡಿದ ಕಣ್ಣಿಗೆ ಅದು ಮಕ್ಕಳ ಆಟಿಗೆಯಂತೆ ಕಂಡಿತ್ತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಗಾಡಿಗಳು ಮಾತ್ರ ನಿಂತಿಲ್ಲ.

800ರ ಬೆನ್ನಿಗೆ 1985ರಲ್ಲಿ ಜಿಪ್ಸಿ, 1993ರಲ್ಲಿ ಝೆನ್, 1994ರಲ್ಲಿ ಎಸ್ಟೀಮ್ ಬಂದವು. ಓಟದ ಹುಚ್ಚಿನವರ ಬಾಯಲ್ಲಿ ಇವತ್ತಿಗೂ ಈ ಮೂರರ ಹೆಸರೇ. ಝೆನ್ನಿನದು 993 ಸಿಸಿಯ ಅಲ್ಯುಮಿನಿಯಂ ಎಂಜಿನ್, ಗಾಡಿಯೂ ಹಗುರ. ಎಸ್ಟೀಮಿನದು 1298 ಸಿಸಿ. ಅದೇ ಕುಲದ ಎಂಜಿನ್ 1996ರಲ್ಲಿ ಬಂದ ಜಿಪ್ಸಿ ಕಿಂಗಿನಲ್ಲೂ ಇದೆ. 1998ರಲ್ಲಿ ಹೋಂಡಾ ಸಿಟಿ ಬಂತು. ಎರಡು ವರ್ಷಕ್ಕೆ ಬಂದ ಅದರ ಒಂದೂವರೆ ಲೀಟರಿನ ವಿಟೆಕ್ ಎಂಜಿನ್ನಿಗೆ ನೂರಕ್ಕೂ ಹೆಚ್ಚು ಕುದುರೆಶಕ್ತಿ. ಎಂಜಿನ್ ಜೋರಾಗಿ ತಿರುಗಿದಾಗ ಬೇರೊಂದು ಕ್ಯಾಮು ವಾಲ್ವನ್ನು ಇನ್ನಷ್ಟು ಎತ್ತಿ ಹಿಡಿಯುತ್ತದೆ. ವಿಟೆಕ್ಕಿನ ಗುಟ್ಟು ಅಷ್ಟೇ.

ಇವು ಬರೀ ಸಂತಿಗೆ ಹೋಗಿ ಬರುವ ಗಾಡಿ ಅಂತ ತಿಳೀಬ್ಯಾಡ್ರಿ. ಮಾರುತಿ 800ರ ಎಂಜಿನ್ನನ್ನೇ ಕೂಡಿಸಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಒಂಟಿ ಸೀಟಿನ ರೇಸು ಕಾರು ಕಟ್ಟಿದರು. ‘ಫಾರ್ಮುಲಾ ಮಾರುತಿ’ ಎಂದು ಹೆಸರಾದದ್ದು ಅದೇ. ದೇಶದ ಎಷ್ಟೋ ಓಟಗಾರರು ಕೈ ಪಳಗಿಸಿಕೊಂಡದ್ದು ಅದರ ಮೇಲೆ. ರ‍್ಯಾಲಿಗಳಲ್ಲಿ ಜಿಪ್ಸಿ, ಎಸ್ಟೀಮುಗಳು ಎಬ್ಬಿಸಿದ ಧೂಳು ಗೊತ್ತಿದ್ದವರಿಗೆ ಗೊತ್ತು. ಆದ್ದರಿಂದ ಹುಡುಗರ ಹುಚ್ಚಿಗೆ ಆಧಾರವಿಲ್ಲ ಎನ್ನುವಂತಿಲ್ಲ.

ರೋಗ ಒಂದು, ಔಷಧ ಇನ್ನೊಂದು

ತಕರಾರು ಇರುವುದು ಇಲ್ಲಿ. ಇಪ್ಪತ್ತು-ಇಪ್ಪತ್ತೈದು ವರ್ಷ ಓಡಿದ ಗಾಡಿಗೆ ಪಿಕಪ್ ಇಲ್ಲ ಅಂದಕೂಡಲೇ ಹುಡುಗರು ಸೈಲೆನ್ಸರ್ ಕೊಯ್ಯಿಸುತ್ತಾರೆ. ಏರ್ ಫಿಲ್ಟರಿನ ಡಬ್ಬಿ ಕಿತ್ತೆಸೆದು ಕೋನ್ ಆಕಾರದ ಬಯಲು ಫಿಲ್ಟರು ಹಾಕಿಸುತ್ತಾರೆ. ಗಾಡಿ ಗುರ್ ಅನ್ನುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಜ್ವರ ಬಂದವನಿಗೆ ಹೊಸ ಅಂಗಿ ಹೊಲಿಸಿದರೆ ಜ್ವರ ಇಳಿಯುತ್ತದೆಯೇ?

ಬಲ್ಲ ಮಿಸ್ತ್ರಿ ಮೊದಲು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾನೆ. ತಿಳಿ ಕಂದು ಇದ್ದರೆ ಸರಿ. ಕರೀ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬೆಳ್ಳಗಾಗಿದ್ದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು, ಎಂಜಿನ್ ಒಳಗೇ ಕಾಯುತ್ತಿದೆ. ಆಮೇಲೆ ಪ್ಲಗ್ಗಿನ ತೂತಿಗೆ ಗೇಜು ಹಚ್ಚಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುತ್ತಾನೆ. ಎಲ್ಲಾ ಸಿಲಿಂಡರುಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದರಲ್ಲಿ ಕಡಿಮೆ ಬಂದರೆ ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾನೆ. ಈಗ ಏರಿದರೆ ಪಿಸ್ಟನ್ ರಿಂಗು ಸವೆದಿವೆ. ಏರದಿದ್ದರೆ ವಾಲ್ವು ಸರಿಯಾಗಿ ಕೂಡುತ್ತಿಲ್ಲ, ಇಲ್ಲವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಅರ್ಧ ತಾಸಿನ ಕೆಲಸ. ಈ ಅರ್ಧ ತಾಸು ಕೊಡದೆ ಹತ್ತಾರು ಸಾವಿರದ ಸಾಮಾನು ತರುವವರಿಗೆ ಏನೆನ್ನೋಣ?

ಕಾರ್ಬೋರೇಟರಿನ ಗಾಡಿಯಾದರೆ ಇನ್ನೊಂದು ಮಾತು. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಸೇರಿದರೆ ಪೂರಾ ಉರಿಯುತ್ತದೆ. ಆ ಲೆಕ್ಕಕ್ಕೆ ಹತ್ತಿರ ಇಡಲಿಕ್ಕೇ ಜೆಟ್ಟಿನ ತೂತು ಅಷ್ಟು ಸಣ್ಣದು. ಜೆಟ್ಟಿನ ಲೆಕ್ಕ ತಿಳಿಯದೆ ಗಾಳಿಯ ದಾರಿ ಅಷ್ಟೇ ಅಗಲ ಮಾಡಿದರೆ ಲೆಕ್ಕ ತಪ್ಪಿತೆಂದೇ ಅರ್ಥ.

ಹಳೇ ಗಾಡಿ ಕೊಂಡವರು ಟೈಮಿಂಗ್ ಬೆಲ್ಟನ್ನು ಮರೆಯುವುದೇ ಹೆಚ್ಚು. ಯಾವಾಗ ಹಾಕಿದ್ದೆಂದು ಮಾರಿದವನಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಬೆಲ್ಟನ್ನು ಹರಿದ ಬೆಲ್ಟೆಂದೇ ತಿಳಿದು ಮೊದಲ ವಾರವೇ ಬದಲಿಸಬೇಕು. ರಾತ್ರಿ ಹೊತ್ತು ಹೆರಿಗೆ ನೋವಿನ ಹೆಣ್ಣುಮಗಳನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುವಾಗ ಅದು ಹರಿದರೆ ಯಾರನ್ನು ದೂರುವುದು?

ಧೂಳು, ಬಿಸಿಲು, ಉಪ್ಪುನೀರು

ಬೆಂಗಳೂರಿನವರು ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿ ಇಲ್ಲಿ ಮಾಡಿಸುವವರು ಒಂದು ಮಾತು ನೆನಪಿಡಬೇಕು. ನಮ್ಮದು ಕರೀ ಎರಿ ಭೂಮಿ. ಸುಗ್ಗಿಯಲ್ಲಿ ಟ್ರ್ಯಾಕ್ಟರು ಹೋದ ದಾರಿಯಲ್ಲಿ ಎದ್ದ ಧೂಳು ಹಿಟ್ಟಿಗಿಂತ ನುಣುಪು. ಬಯಲು ಫಿಲ್ಟರಿನಿಂದ ಅದು ಒಳಗೆ ಹೋದರೆ ಸಿಲಿಂಡರಿನ ಗೋಡೆಗೆ ಉಸುಕಿನ ಕಾಗದ ತಿಕ್ಕಿದ ಹಾಗೆ. ಮೇಲಾಗಿ, ಕಂಪನಿಯ ಡಬ್ಬಿ ತಂಪು ಗಾಳಿಯನ್ನು ಹೊರಗಿಂದ ಎಳೆಯುತ್ತದೆ, ಬಯಲು ಫಿಲ್ಟರು ಬಾನೆಟ್ಟಿನ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ ಬಿಸಿಯಾದಷ್ಟೂ ತೆಳ್ಳಗೆ, ತೆಳ್ಳಗಾದಷ್ಟೂ ಶಕ್ತಿ ಕಡಿಮೆ. ಸೌಂಡಿಗೆ ಸೌಂಡು ಬಂತು, ಓಟ ಹೋಯಿತು!

ಬ್ಯಾಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ರೇಡಿಯೇಟರಿಗೆ ಸಿಕ್ಕ ಬೋರಿನ ನೀರು ಸುರಿಯುವುದು ನಮ್ಮವರ ಹಳೇ ಚಟ. ಡೋಣಿ ಹೊಳೆಯ ನೀರು ಉಪ್ಪೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಎಷ್ಟೋ ಊರುಗಳ ಬೋರಿನ ನೀರೂ ಗಡಸು. ಅಂಥ ನೀರು ಕಾದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಝೆನ್ನಿನಂಥ ಅಲ್ಯುಮಿನಿಯಂ ಎಂಜಿನ್ನನ್ನು ಒಳಗಿಂದಲೇ ತಿನ್ನುತ್ತದೆ. ಗಾಡಿ ಕಾಯ್ದು ಹೆಡ್ ಡೊಂಕಾದರೆ ಅದನ್ನು ಲೇಥಿಗೆ ಕಳಿಸಿ ಹೆರೆಸುವ ಖರ್ಚಿನಲ್ಲಿ ಎಷ್ಟೋ ವರ್ಷದ ಕೂಲಂಟು ಬರುತ್ತದೆ. ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ನೀರಿನ ಜೊತೆ ಕೂಲಂಟ್ ಹಾಕಿ, ಹಳೇ ಹೋಸ್ ಪೈಪು ಬದಲಿಸಿ, ಫ್ಯಾನು ತನ್ನ ಹೊತ್ತಿಗೆ ತಿರುಗುತ್ತದೆಯೇ ನೋಡಿಕೊಂಡರೆ ಅದೇ ನಮ್ಮ ಸೀಮೆಗೆ ತಕ್ಕ ಮಾಡಿಫಿಕೇಶನ್!

ನಮ್ಮದೇ ಕಬ್ಬು, ನಮ್ಮದೇ ಪೈಪು

ಇನ್ನೊಂದು ಸಂಗತಿ ಈಚಿನದು. ಭೀಮೆ, ಕೃಷ್ಣೆಯ ದಂಡೆಯ ಕಬ್ಬು ಸಕ್ಕರೆಯಷ್ಟೇ ಆಗಿ ಉಳಿದಿಲ್ಲ, ಎಥೆನಾಲ್ ಆಗಿ ಪೆಟ್ರೋಲಿಗೂ ಸೇರುತ್ತಿದೆ. 2025ರಲ್ಲಿ ದೇಶ ನೂರಕ್ಕೆ 20ರಷ್ಟು ಮಿಶ್ರಣದ ಗುರಿ ಮುಟ್ಟಿತು. ರೈತನಿಗೆ ಇದರಿಂದ ಹಾದಿಯಾಗಿದೆ, ಬೇಡ ಎನ್ನುವವರಾರು? ಆದರೆ 1990ರ ದಶಕದ ಗಾಡಿಯನ್ನು ಕಟ್ಟಿದ್ದು ಈ ಪೆಟ್ರೋಲಿಗಲ್ಲ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೇ ಮಿಶ್ರಣಕ್ಕೆ ಹೊಂದಿಸಿದ ಕಾರುಗಳ ಆವರೇಜು ನೂರಕ್ಕೆ ಆರೇಳರಷ್ಟು ಇಳಿದೀತೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಆವರೇಜಿಗಿಂತ ದೊಡ್ಡ ಚಿಂತೆ ರಬ್ಬರಿನದು. ಹಳೇ ಪೆಟ್ರೋಲ್ ಪೈಪು, ಕಾರ್ಬೋರೇಟರಿನ ಡಯಾಫ್ರಂ, ವಾಶರುಗಳು ಎಥೆನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾದೀತೆಂದು ಹೇಳಬೇಕಿಲ್ಲ. ಎಥೆನಾಲು ಗಾಳಿಯ ತೇವವನ್ನೂ ಕುಡಿಯುತ್ತದೆ. ಆದ್ದರಿಂದ ಹಬ್ಬಕ್ಕೊಮ್ಮೆ ಹೊರತೆಗೆಯುವ ಗಾಡಿಯ ಟಾಕಿಯಲ್ಲಿ ಹಳೇ ಪೆಟ್ರೋಲು ತಿಂಗಳಾನುಗಟ್ಟಲೆ ಕೂಡಬಾರದು. ಪೈಪು, ವಾಶರುಗಳನ್ನು ಈ ಪೆಟ್ರೋಲಿಗೆ ತಡೆಯುವಂಥವಕ್ಕೆ ಬದಲಿಸುವುದು ದೊಡ್ಡ ಖರ್ಚಲ್ಲ. ಹುಡುಗರಿಗೆ ಕೈಕೆಲಸದ ಉಮೇದಿ ಇದ್ದರೆ ಇಲ್ಲಿಂದ ಸುರು ಮಾಡಲಿ.

ಓಡಿದ್ದು ನಿಲ್ಲಬೇಕಲ್ಲ!

ಎಸ್ಟೀಮಿನ ಎಂಜಿನ್ನನ್ನು ಸಣ್ಣ ಗಾಡಿಗೆ ಕೂಡಿಸುವ ಉತ್ಸಾಹಿಗಳು ದೇಶದ ತುಂಬ ಇದ್ದಾರೆ. ಎಂಜಿನ್ ಹೇಗೋ ಕೂಡುತ್ತದೆ. ಆದರೆ ಬ್ರೇಕು? ಅದು ಹಳೇ ಸಣ್ಣ ಗಾಡಿಯದೇ! ಗಾಡಿಯ ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಕಬ್ಬಿನ ಸೀಜನ್ನಿನ್ಯಾಗ ರಾತ್ರಿ ನಮ್ಮ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಎರಡೆರಡು ಟ್ರೇಲರು ಕಟ್ಟಿಕೊಂಡು ಟ್ರ್ಯಾಕ್ಟರು ಕತ್ತಲಲ್ಲಿ ಹೊರಟಿರುತ್ತದೆ. ಅದು ಕಣ್ಣಿಗೆ ಬಿದ್ದ ಮೇಲೆ ಉಳಿಯುವುದು ಕೆಲವೇ ಮಾರು. ಆಗ ಕಾಯುವುದು ಪಿಕಪ್ ಅಲ್ಲ, ಬ್ರೇಕು.

ಆದ್ದರಿಂದ ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಬದಲಿಸಿ, ಮುಂದಿನ ಪ್ಯಾಡು, ಹಿಂದಿನ ಲೈನರು, ವೀಲ್ ಸಿಲಿಂಡರು ನೋಡಿಸಿ. ಟಾಯರಿನ ಗೀರು ಕಂಡರೂ ತಯಾರಾದ ವರ್ಷ ಓದಿ, ಬಿಸಿಲಿಗೆ ಬಿರಿದ ರಬ್ಬರು ಗೀರಿದ್ದರೂ ಹಿಡಿಯುವುದಿಲ್ಲ. ಸ್ಪ್ರಿಂಗು ಕೊಯ್ದು ಗಾಡಿ ಕೆಳಗಿಳಿಸುವ ಚಟವಂತೂ ಬೇಡವೇ ಬೇಡ. ನಮ್ಮೂರ ಹಂಪುಗಳು ಎಂಜಿನ್ನಿನ ತಳದ ಆಯಿಲ್ ಚೇಂಬರನ್ನೇ ಒಡೆದಾವು.

ಕಾಯ್ದೆ ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5 ಸಾವಿರ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಸದ್ದಿನ ಮಿತಿ ಮೀರಿದರೆ 10 ಸಾವಿರದವರೆಗೆ ದಂಡವಿದೆ, ಲೈಸೆನ್ಸೂ ಮೂರು ತಿಂಗಳು ಹೋದೀತು. ಎಂಜಿನ್ ನಂಬರು ಆರ್.ಸಿ.ಯೊಂದಿಗೆ ತಾಳೆಯಾಗದಿದ್ದರೆ ಅಪಘಾತದ ದಿನ ವಿಮೆಯವರು ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ. ಸಿಎನ್‌ಜಿ, ಎಲ್‌ಪಿಜಿ ಕಿಟ್ಟಿಗೆ ಅವಕಾಶವಿದೆ. ಆದರೆ ಮಂಜೂರಾದ ಕಿಟ್ಟೇ ಬೇಕು, ಆರ್.ಸಿ.ಯಲ್ಲಿ ದಾಖಲಾಗಬೇಕು.

ಅಪ್ಪಂದಿರಿಗೂ ಒಂದು ಮಾತು. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ 25ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು. 2022ರ ಏಪ್ರಿಲಿನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ ಒಮ್ಮೆಲೇ 5 ಸಾವಿರಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10 ಸಾವಿರವಾಯಿತು. ಮಾಸ್ತರಿಕಿ ಮಾಡಿ ನಿವೃತ್ತರಾದವರಿಗೆ, ನಿಂಬಿ ತೋಟದ ಸಣ್ಣ ರೈತನಿಗೆ ಇದು ಸಣ್ಣ ಹೊರೆಯಲ್ಲ. ಆದರೂ ಸೈಲೆನ್ಸರಿಗೆ ಸುರಿಯುವ ದುಡ್ಡು ಮೊದಲು ಇಲ್ಲಿಗೆ ಬರಬೇಕು. ಕಾಗದವಿಲ್ಲದ ಗಾಡಿ ಎಷ್ಟು ಓಡಿದರೇನು?

ಕೈ ಕಲಿಸುವವರು ಯಾರು?

ಕಡೆಯ ಮಾತು, ಎಲ್ಲಕ್ಕಿಂತ ದೊಡ್ಡದು. ಕಾರ್ಬೋರೇಟರ್ ಬಿಚ್ಚಿ, ತೊಳೆದು, ಕಿವಿಯಿಂದಲೇ ಹೊಂದಿಸುವ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಹೊಸ ಹುಡುಗರು ಸ್ಕ್ಯಾನರ್ ಹಚ್ಚುತ್ತಾರೆ. ಹಳೇ ಗಾಡಿಯಲ್ಲಿ ಸ್ಕ್ಯಾನರಿಗೆ ಜಾಗವೇ ಇಲ್ಲ! ಪಾನಾ ಹಿಡಿದ ಕೈಯಲ್ಲಿರುವ ಈ ವಿದ್ಯೆ ಯಾವ ಪುಸ್ತಕದಲ್ಲೂ ಪೂರಾ ಬರೆದಿಟ್ಟಿಲ್ಲ. ಅದು ಹೋದರೆ ಗಟ್ಟಿಮುಟ್ಟಾದ ಗಾಡಿಗಳೂ ಗುಜರಿಗೇ ಹೋಗಬೇಕು. ನಾಲ್ಕೂ ಊರಿನ ಐಟಿಐಗಳು ಹಳೇ ಮಿಸ್ತ್ರಿಗಳನ್ನು ಕರೆದು ವರ್ಷಕ್ಕೆ ಹದಿನೈದು ದಿನ ಪಾಠ ಹೇಳಿಸಿದರೆ ಯಾರ ಗಂಟೂ ಹೋಗದು. ಸಾರಿಗೆ ಇಲಾಖೆಯವರು ತಾಲೂಕಿಗೊಂದು ದಿನ ಶಿಬಿರ ಮಾಡಿ ಆರ್.ಸಿ.ಯ ನಿಯಮ, ಮಾರ್ಪಾಟಿನ ಮಿತಿ ತಿಳಿಸಿಕೊಟ್ಟರೆ ದಂಡ ವಸೂಲಿಗಿಂತ ಹೆಚ್ಚಿನ ಉಪಕಾರವಾದೀತು.

ಅಪ್ಪ-ಮಗನ ಜಗಳದ ತೀರ್ಪು ಕೇಳಿದಿರಾ? ಇಬ್ಬರದೂ ಖರೆ ಐತಿ. ಮಗನ ಉಮೇದಿ ಬೇಕು, ಅಪ್ಪನ ಜೋಪಾನವೂ ಬೇಕು. ಕಂಪನಿಯಿಂದ ಹೊರಬಿದ್ದ ದಿನ ಆ ಎಂಜಿನ್ ಎಷ್ಟು ಎಳೆಯುತ್ತಿತ್ತೋ ಮೊದಲು ಅಷ್ಟಕ್ಕೆ ತಂದು ನಿಲ್ಲಿಸಲಿ. ಹುಡುಗ ಕಳಕೊಂಡೆ ಅಂದ ಪಿಕಪ್ಪು ಬಹಳಷ್ಟು ಅಲ್ಲೇ ಸಿಗುತ್ತದೆ. ಅದರ ಮೇಲೂ ಓಡಿಸುವ ಆಸೆ ಉಳಿದರೆ ಹೆಲ್ಮೆಟ್ಟು ಹಾಕಿ, ರಸ್ತೆ ಬಂದ್ ಮಾಡಿ ನಡೆಸುವ ರ‍್ಯಾಲಿಗಳಿವೆ, ರೇಸಿನ ಟ್ರ್ಯಾಕುಗಳಿವೆ. ಸಿಂದಗಿಯ ಬಜಾರ ರಸ್ತೆ ಅದಕ್ಕಲ್ಲ.

ಐಟಿಐನವರು, ಸಾರಿಗೆ ಇಲಾಖೆಯವರು ಇತ್ತ ಕಣ್ಣು ಹಾಯಿಸುವರೇ?