ದವಡೆ ಕೂಡುವ ತನಕದ ಊಟ

ಮುರಿದ ದವಡೆಯನ್ನು ಕೂಡಿಸಿದ ಮೇಲೂ, ವಕ್ರ ದವಡೆಯನ್ನು ಕತ್ತರಿಸಿ ಸರಿಪಡಿಸಿದ ಮೇಲೂ ಮೂಳೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಟೈಟಾನಿಯಂ ಪಟ್ಟಿ, ಸ್ಕ್ರೂ ಹಾಕಿದ್ದರೆ ಬಾಯಿ ಸ್ವಲ್ಪ ತೆರೆಯುತ್ತದೆ. ಮೇಲಿನ, ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರೆ ಅದೂ ಇಲ್ಲ. ಅಗಿಯುವ ಸ್ನಾಯುಗಳು ಬಲವಾಗಿ ಎಳೆದರೆ ತುಂಡುಗಳ ನಡುವೆ ಮೂಡುತ್ತಿರುವ ಎಳೆಯ ಮೂಳೆ ಕದಲುತ್ತದೆ. ಹಾಗಾಗಿ ಖಡಕ್ ಜೋಳದ ರೊಟ್ಟಿ, ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಬಳ್ಳಾರಿಯಲ್ಲಿ ರೋಗಿಯ ಊಟ ಪೂರಾ ಬದಲಾಗಬೇಕು.

ಹಲ್ಲು ಕಟ್ಟಿದ್ದರೂ ದ್ರವ ಒಳಗೆ ಹೋಗಲು ದಾರಿಯುಂಟು. ಕೊನೆಯ ದವಡೆಹಲ್ಲಿನ ಹಿಂದೆ ಸಣ್ಣ ಸಂದಿ ಇರುತ್ತದೆ. ಸಿರಿಂಜಿನ ತುದಿಗೆ ಮೆತ್ತನೆಯ ನಳಿಕೆ ಸಿಕ್ಕಿಸಿ, ಅದನ್ನು ಕೆನ್ನೆ ಮತ್ತು ಹಲ್ಲಿನ ನಡುವೆ ಇಳಿಸಿ ನಿಧಾನವಾಗಿ ಒತ್ತಿದರೆ ಗುಟುಕು ಗಂಟಲಿಗೆ ಸೇರುತ್ತದೆ. ರೋಗಿ ನೇರವಾಗಿ ಕೂತಿರಬೇಕು. ಸ್ಟ್ರಾದಲ್ಲಿ ಹೀರುವುದು ಶಸ್ತ್ರವೈದ್ಯರು ಒಪ್ಪಿದ ಮೇಲೆ ಮಾತ್ರ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಅಲ್ಲಿ ಕಾಯಿಲೆಯವರಿಗೆ ಮೊದಲು ಬರುವುದು ಅಕ್ಕಿ ಗಂಜಿ. ತೊಂದರೆ ಇರುವುದೂ ಅಲ್ಲೇ. ಬೆಂದ ಪಿಷ್ಟ ನೀರು ಹೀರಿ ಉಬ್ಬುವುದರಿಂದ ಸ್ವಲ್ಪ ಅಕ್ಕಿಯೇ ಪಾತ್ರೆ ತುಂಬುತ್ತದೆ. ನಳಿಕೆಯಲ್ಲಿ ಹರಿಯುವಷ್ಟು ತೆಳ್ಳಗೆ ಮಾಡಿದರೆ ಒಂದು ಲೋಟದಲ್ಲಿ ಉಳಿಯುವುದು ಹೆಚ್ಚೆಂದರೆ 10 ಗ್ರಾಂ ಅಕ್ಕಿ, ಸುಮಾರು 35 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ಬೇಕಾದ ದೇಹಕ್ಕೆ ಅಂಥ ಐವತ್ತೇಳು ಲೋಟ ಕುಡಿಸಬೇಕಾಗುತ್ತದೆ. ಹೊಟ್ಟೆ ತುಂಬಿದರೂ ರೋಗಿ ಸೊರಗುವುದು ಹೀಗೆ.

ಇದಕ್ಕೆ ಪರಿಹಾರ ಮೊಳಕೆಯಲ್ಲಿದೆ. ಮೊಳೆತ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹೇರಳವಾಗುತ್ತದೆ, ಅದು ಪಿಷ್ಟದ ಉದ್ದ ಸರಪಣಿಗಳನ್ನು ತುಂಡರಿಸುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಬೀಸಬೇಕು. ಹೆಚ್ಚು ಹುರಿದರೆ ಕಿಣ್ವ ಸಾಯುತ್ತದೆ. ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಒಂದು ಚಮಚ ಈ ಹಿಟ್ಟು ಕಲಕಿದರೆ, ಸೌಟಿಗೆ ಮೆತ್ತಿಕೊಳ್ಳುತ್ತಿದ್ದ ಗಂಜಿ ಕೆಲವೇ ನಿಮಿಷದಲ್ಲಿ ಸಡಿಲವಾಗಿ ಧಾರೆ ಕಟ್ಟಿ ಸುರಿಯುತ್ತದೆ. ಮತ್ತೊಮ್ಮೆ ಕುದಿಸಿ, ಸೋಸಿ, ಆರಿಸಿ ಕೊಡಬಹುದು. ಗಂಜಿ ತೆಳ್ಳಗಾದರೂ ಅದರ ಶಕ್ತಿ ಕುಂದುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿ, ಹೆಸರುಕಾಳಿನ ಮೊಳಕೆ ಹಿಟ್ಟಿನಿಂದ ಶಿಶು ಆಹಾರ ರೂಪಿಸಿದ್ದೂ ಇದೇ ತತ್ವದ ಮೇಲೆ. ಜೋಳವನ್ನು ಮಾತ್ರ ಮೊಳಕೆ ಕಟ್ಟಬಾರದು. ಎಳೆ ಜೋಳದ ಪೈರು ಮೇಯ್ದ ದನಗಳನ್ನು ಕೊಲ್ಲುವ ಸಯನೈಡ್ ಅಂಶ ಅದರ ಮೊಳಕೆಯಲ್ಲೂ ಇರುತ್ತದೆ. ಮೊಳಕೆ ಬರಿಸದ ಜೋಳದ ಅಂಬಲಿಗೆ ಯಾವ ಭಯವೂ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಮೊಳಕೆ ಹಿಟ್ಟಿನ ಗಂಜಿಗೆ ಮೊದಲು ವೈದ್ಯರನ್ನು ಕೇಳಬೇಕು.

ಗಾಯ ಮಾಯಲು, ಮೂಳೆ ಕಟ್ಟಲು ಪ್ರೋಟೀನ್ ಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಹೆಸರುಬೇಳೆಯಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಆದರೆ ಮೇಲಿನ ಕಟ್ಟನ್ನಷ್ಟೇ ಬಸಿದು ಕೊಟ್ಟರೆ ಅದರ ಬಹುಪಾಲು ತಳದ ಬೇಳೆಯಲ್ಲೇ ಉಳಿಯುತ್ತದೆ. ಬೇಳೆಯನ್ನು ಮೆತ್ತಗೆ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಸೋಸಿ, ಒಂದು ಚಮಚ ತುಪ್ಪ ಸೇರಿಸಿ ಕೊಡುವುದೇ ಸರಿ. ಹಾಲು, ಮೊಸರು, ಹಾಲಿನಲ್ಲಿ ಕದಡಿದ ಪುಟಾಣಿ ಹಿಟ್ಟು, ಬೇಯಿಸಿ ಅರೆದ ಮೊಟ್ಟೆ ಇವೆಲ್ಲ ಒಳ್ಳೆಯವು. ಹಸಿ ಮೊಟ್ಟೆ ಬೇಡ. ಕಾಲು ಸೂಪು ಮೂಳೆ ಕೂಡಿಸುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಅದು ಬಾಯಿಗೆ ಹಿತ, ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಹಾಲಿಗಿಂತ ತೀರಾ ಕಡಿಮೆ.

ಒಂದೇ ಸಲಕ್ಕೆ ಹೆಚ್ಚು ಕುಡಿಸುವ ಬದಲು ದಿನಕ್ಕೆ ಆರೆಂಟು ಸಲ ಕೊಡಬೇಕು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಈ ಆಹಾರದ ಜೊತೆಗೆ ನೀರು, ಮಜ್ಜಿಗೆ, ಎಳನೀರು ಬೇಕೇ ಬೇಕು. ಮೂತ್ರ ಕಡು ಹಳದಿಯಾದರೆ ಕುಡಿದದ್ದು ಸಾಲದು ಎಂದರ್ಥ. ಕುರುಗೋಡು, ಸಿರುಗುಪ್ಪದ ಹೊಲಗಳ ಮೆಣಸಿನಕಾಯಿ ಹಸಿ ಗಾಯಕ್ಕೆ ಉರಿ ಹತ್ತಿಸುತ್ತದೆ. ನರ ಮರಗಟ್ಟಿದ ತುಟಿಗೆ ಸುಟ್ಟದ್ದೂ ತಿಳಿಯದು, ಬಿಸಿಯನ್ನು ಮುಂಗೈ ಮೇಲೆ ಹನಿಸಿ ನೋಡಿಯೇ ಕೊಡಬೇಕು. ತಂಬಾಕು, ಗುಟ್ಕಾ, ಮದ್ಯ ಗಾಯ ಮಾಯುವುದನ್ನು ತಡೆಯುತ್ತವೆ. ಪ್ರತಿ ಸಲ ಕುಡಿದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ತೊಳೆಯಬೇಕು. ತಂತಿಗೆ ಅಂಟಿದ ಗಂಜಿ ಕೊಳೆತರೆ ಸೋಂಕು ಹಿಡಿಯುತ್ತದೆ.

ತಂತಿ ಕಟ್ಟಿದವರ ಬಳಿ ಅದನ್ನು ಕತ್ತರಿಸುವ ಕಟ್ಟರ್ ಹಗಲೂ ರಾತ್ರಿಯೂ ಇರಬೇಕು. ಯಾವ ತಂತಿ ಕತ್ತರಿಸಬೇಕೆಂದು ಮನೆಯವರು ಬಿಡುಗಡೆಗೆ ಮುಂಚೆಯೇ ಕೇಳಿ ಕಲಿತಿರಬೇಕು. ವಾಂತಿಯಾದರೆ ಮೊದಲು ತಲೆ ಮುಂದಕ್ಕೆ ಬಾಗಿಸಬೇಕು. ಉಸಿರು ಕಟ್ಟಿದರೆ ತಂತಿ ಕತ್ತರಿಸಬೇಕು. ಸಿರುಗುಪ್ಪದಿಂದ ಬಳ್ಳಾರಿ ಐವತ್ತು ಕಿಲೋಮೀಟರಿಗೂ ದೂರ, ಆ ಹೊತ್ತಿಗೆ ಆಂಬುಲೆನ್ಸ್ ಕಾಯಲಾಗದು.

ಮೊದಲ ತಿಂಗಳಲ್ಲಿ ಕೆಲವು ಕಿಲೋ ತೂಕ ಇಳಿಯುವುದು ಸಾಮಾನ್ಯ. ವಾರಕ್ಕೊಮ್ಮೆ ತೂಗಿ, ಇಳಿತ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಬೇಕು. ತಂತಿ ಬಿಚ್ಚಿದ ಮೇಲೆ ಮೊದಲು ಮಿದ್ದಿದ ಮೊಸರನ್ನ, ಸಾರಿನಲ್ಲಿ ನೆನೆದ ಇಡ್ಲಿ, ಅಗಿಯದೆ ನುಂಗುವ ರಾಗಿ ಮುದ್ದೆ. ಆಮೇಲೆ ಹಾಲಲ್ಲಿ ನೆನೆಸಿದ ಮೆತ್ತನೆ ರೊಟ್ಟಿ. ಖಡಕ್ ರೊಟ್ಟಿಯ ಸರದಿ ಎಲ್ಲಕ್ಕಿಂತ ಕೊನೆಗೆ, ಅದೂ ಶಸ್ತ್ರವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ.