ಕೌದಿಯ ಮುಗ್ಗಲು ವಾಸನೆ ಹೋಗಲಿ, ಹೊಲಿಗೆ ಉಳಿಯಲಿ

ಮಳೆಗಾಲ ಮುಗಿದ ಮೇಲೆ ಟ್ರಂಕ್ ತೆಗೆದರೆ ಕೌದಿಯಿಂದ ಗಪ್ಪಂತ ಮುಗ್ಗಲು ವಾಸನೆ ಬರುತ್ತಾ? ಸೆಂಟು ಹೊಡೀಬೇಡಿ, ನುಸಿಗುಳಿಗೆನೂ ಬೇಡ. ಅವು ಒಂದು ವಾಸನೆ ಮೇಲೆ ಇನ್ನೊಂದನ್ನ ಹೊದಿಸ್ತಾವೆ, ಅಷ್ಟೇ. ಒಳಗಿನ ಹಳೇ ಸೀರೆ, ಧೋತರದ ಪದರಗಳಲ್ಲಿ ತೇವ ಕೂತು ಬೂಷ್ಟು ಹಿಡಿದಿರುತ್ತೆ.

ಮೊದಲು ಹೊರಗೆ ಒಯ್ದು ಕೊಡವಿ, ಬಿಸಿಲಿಗೆ ಹಾಕಿ, ಮಧ್ಯಾಹ್ನ ಮಗುಚಿ. ಎಷ್ಟೋ ಸಲ ಇಷ್ಟಕ್ಕೇ ವಾಸನೆ ಹೋಗುತ್ತೆ.

ಹೋಗಲಿಲ್ವಾ? ಒದ್ದೆ ಬಿಳಿ ಬಟ್ಟೆಯನ್ನ ಕೌದಿಯ ಕೆಂಪು ತುಂಡಿನ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿನ ತಂಟೆಗೇ ಹೋಗಬೇಡಿ. ಹತ್ತದಿದ್ದರೆ ತಣ್ಣೀರು, ಅಂಟುವಾಳದ ನೊರೆ. ಕೈಯಲ್ಲಿ ಮೆಲ್ಲಗೆ ಅದುಮಿ. ಬಂಡೆಗೆ ಬಡಿಯೋದು, ಬ್ರಷ್, ಬ್ಲೀಚಿಂಗ್ ಪುಡಿ ಯಾವುದೂ ಬೇಡ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ಅನ್ನೋ ಕೌದಿಗೂ ಇದೇ ಮಾತು.

ನೆನೆದ ಕೌದಿ ಕಲ್ಲಿನಷ್ಟು ಭಾರ. ಹಿಂಡಿದರೆ, ತಂತಿಗೆ ನೇತುಹಾಕಿದರೆ ಕೈಹೊಲಿಗೆಯ ದಾರ ಪಟಪಟ ಕಿತ್ತುಹೋಗುತ್ತೆ. ಹೊರಸಿನ ಮೇಲೆ ಹರವಿ, ಕೆಳಗಿಂದಲೂ ಗಾಳಿ ಆಡಲಿ. ಮೇಲೆ ಒಣಗಿದಂತೆ ಕಂಡರೂ ದಪ್ಪ ಇರೋ ಕಡೆ ಹಿಸುಕಿ ನೋಡಿ. ತಣ್ಣಗಿದ್ದರೆ ಇನ್ನೊಂದು ದಿನ ಬಿಸಿಲು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ಹಳೇ ಹತ್ತಿ ಲುಂಗಿಯಲ್ಲಿ ಸುತ್ತಿಡಿ.