ಬೈಲಕುಪ್ಪೆಯ ಟಿಬೆಟನ್ ನೆಲೆಗಳು: ಮಠ, ಶಾಲೆ, ಸಮಾಜ

ಧರ್ಮಶ್ರದ್ಧೆಯನ್ನು ಉಳಿಸಿಕೊಳ್ಳುವ ಸಲುವಾಗಿ ಹುಟ್ಟಿದ ನಾಡನ್ನೇ ತೊರೆದ ಸಮುದಾಯಗಳು ಪ್ರಪಂಚದ ಇತಿಹಾಸದಲ್ಲಿ ಹಲವು. 16ನೆಯ ಶತಮಾನದ ಯುರೋಪಿನಲ್ಲಿ ಹಿಂಸೆಗೊಳಗಾದ ಮೆನ್ನೊನೈಟ್ ಕ್ರೈಸ್ತರು ಕಾಲಾಂತರದಲ್ಲಿ ರಷ್ಯಕ್ಕೂ ಅಮೆರಿಕಕ್ಕೂ ವಲಸೆ ಹೋಗಿ, ಹೋದೆಡೆಯಲ್ಲೆಲ್ಲ ಬೇಸಾಯವನ್ನೂ ಪ್ರಾರ್ಥನಾಮಂದಿರವನ್ನೂ ಶಾಲೆಯನ್ನೂ ಒಟ್ಟೊಟ್ಟಿಗೆ ಕಟ್ಟಿಕೊಂಡರು. ಇದಕ್ಕೆ ಸಮೀಪವಾದ ನಿದರ್ಶನವೊಂದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ಹಾಗೂ ಹುಣಸೂರು ತಾಲ್ಲೂಕುಗಳಲ್ಲಿದೆ. ಅದು ಟಿಬೆಟನ್ ನಿರಾಶ್ರಿತರ ನೆಲೆ.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಸಹಸ್ರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿದರು. 1960ರಲ್ಲಿ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಇವರಿಗಾಗಿ ಒದಗಿಸಿತು. ಮರುವರ್ಷ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ನೆಲೆಯು ರೂಪುಗೊಂಡಿತು. ಕೆಲವು ವರ್ಷಗಳ ನಂತರ ಅಲ್ಲಿಯೇ ಡಿಕಿ ಲಾರ್ಸೊ ನೆಲೆಯೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್ ನೆಲೆಯೂ ಉದಯಿಸಿದವು. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿಯ ಬಿಸಿಲು ಅಪರಿಚಿತ. ಕಾಡು ಕಡಿದು ಹಸನು ಮಾಡಿದ ಹೊಲಕ್ಕೆ ಆನೆಗಳ ಕಾಟ. ಅಂತಹ ಸ್ಥಿತಿಯಲ್ಲಿಯೂ ಅವರು ಮುಸುಕಿನ ಜೋಳದ ಬೇಸಾಯವನ್ನು ಕಲಿತು, ಸಹಕಾರ ಸಂಘಗಳನ್ನು ಕಟ್ಟಿ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಉಡುಪುಗಳನ್ನು ಮಾರಿ ಬದುಕನ್ನು ಹೂಡಿದರು.

ಹೊಟ್ಟೆಪಾಡಿನೊಡನೆಯೇ ವಿದ್ಯೆಯ ಚಿಂತೆಯೂ ಅವರಿಗಿದ್ದುದು ಗಮನಾರ್ಹ. 1961ರಲ್ಲಿ ಕೇಂದ್ರ ಸರ್ಕಾರವು ಟಿಬೆಟನ್ ಮಕ್ಕಳ ಶಾಲೆಗಳಿಗಾಗಿಯೇ ಪ್ರತ್ಯೇಕ ಆಡಳಿತ ಸಂಸ್ಥೆಯೊಂದನ್ನು ಸ್ಥಾಪಿಸಿತು. ಧಾರ್ಮಿಕ ಶಿಕ್ಷಣದ ಹೊಣೆಯನ್ನು ಮಠಗಳು ಹೊತ್ತವು. 1963ರಲ್ಲಿ ಪೆನೋರ್ ರಿಂಪೋಚೆ ಅವರು ಬಿದಿರಿನ ಗುಡಿಯಿಂದ ಆರಂಭಿಸಿದ ನಮ್ಡ್ರೋಲಿಂಗ್ ಮಠವು 1978ರಲ್ಲಿ ಉನ್ನತ ಅಧ್ಯಯನ ಕೇಂದ್ರವನ್ನೂ 1999ರಲ್ಲಿ ಸುವರ್ಣ ದೇಗುಲವನ್ನೂ ಪಡೆಯಿತು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾಗಿದ್ದ ಸೆರಾ ವಿದ್ಯಾಪೀಠವು 1970ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು. ಅಲ್ಲಿ ಶಿಷ್ಯರು ಗ್ರಂಥವನ್ನು ಕಂಠಪಾಠ ಮಾಡುವುದಷ್ಟೇ ಅಲ್ಲ, ಅಂಗಳದಲ್ಲಿ ಎದುರುಬದುರಾಗಿ, ಕೈಚಪ್ಪಾಳೆ ತಟ್ಟಿ ಪ್ರಶ್ನೆ ಹಾಕಿ, ಅರ್ಥವನ್ನು ವಾದದ ಒರೆಗಲ್ಲಿಗೆ ಹಚ್ಚುತ್ತಾರೆ. ಗುರುಮುಖದಿಂದ ಪಡೆದುದನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕೆಂಬುದು ಅಲ್ಲಿಯ ನಿಯಮ.

ಆಶ್ರಯ ಕೊಟ್ಟ ನೆಲಕ್ಕೆ ಇದರಿಂದ ದೊರೆತುದೇನು ಎಂಬ ಪ್ರಶ್ನೆ ಸಹಜ. ನಿರಾಶ್ರಿತರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಚರಿತ್ರೆಯು ಇದಕ್ಕೆ ಒಂದು ಉತ್ತರ. ಆ ಕಾರ್ಯ ಒಂದು ಹಂತಕ್ಕೆ ಬಂದ ಮೇಲೆ, 1980ರ ದಶಕದಲ್ಲಿ, ಸಂಸ್ಥೆಯು ತನ್ನ ಅನುಭವವನ್ನು ಗ್ರಾಮೀಣ ಬಡವರ ಸೇವೆಗೆ ತಿರುಗಿಸಿತು. ಹೆಗ್ಗಡದೇವನಕೋಟೆಯಂತಹ ಹಿಂದುಳಿದ ತಾಲ್ಲೂಕುಗಳಲ್ಲಿ ಸ್ವಸಹಾಯ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಯ ಯೋಜನೆಗೆ ಮೈರಾಡದ ಈ ಪ್ರಯೋಗವೂ ದಾರಿ ತೋರಿತು. ಪರದೇಶಿಗೆ ನೀಡಿದ ನೆರವಿನಿಂದ ಕಲಿತ ಪಾಠವು ನೆರೆಮನೆಯ ಬಡವನಿಗೂ ಒದಗಿತು.

ಇಂದು ಈ ನೆಲೆಗಳ ಮುಂದಿರುವ ಸಮಸ್ಯೆ ಬೇರೆ ಬಗೆಯದು. ಇಲ್ಲಿಯೇ ಹುಟ್ಟಿ ಓದಿದ ತರುಣರಲ್ಲಿ ಅನೇಕರು ಉದ್ಯೋಗವನ್ನರಸಿ ನಗರಗಳಿಗೂ ಪಾಶ್ಚಾತ್ಯ ದೇಶಗಳಿಗೂ ತೆರಳುತ್ತಿದ್ದಾರೆ. ಮಠಗಳಲ್ಲಿ ನೇಪಾಳ, ಭೂತಾನ, ಲಡಾಖ್ ಮೊದಲಾದ ಹಿಮಾಲಯ ಪ್ರದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಹೀಗೆ ಒಂದು ಜನಾಂಗವು ಚದುರುತ್ತಿದ್ದರೂ ಅದರ ವಿದ್ಯೆಗೆ ಹೊಸ ವಾರಸುದಾರರು ದೊರೆಯುತ್ತಿದ್ದಾರೆ. ಕಾಯಕ ದಾಸೋಹಗಳ ಪರಂಪರೆಯಲ್ಲಿ ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆ ಇದು ಮನನೀಯ ಸಂಗತಿ. ಕಟ್ಟಡವನ್ನು ಶತ್ರುವು ಕೆಡವಬಹುದು, ಭೂಮಿಯನ್ನು ಕಾಲವು ಕಸಿಯಬಹುದು. ಕಲಿಸುವವರೂ ಕಲಿಯುವವರೂ ಇರುವವರೆಗೆ ಮಠವು ಅಳಿಯುವುದಿಲ್ಲ.